ಸಣ್ಣ ವೀರನೂ ದೊಡ್ಡ ಹಣವೂ

ಅಮೆರಿಕಾ ದೇಶದ ಚಿತ್ರಕಥಾಪುಸ್ತಕಗಳಲ್ಲಿ ಹುಟ್ಟಿ ಬೆಳ್ಳಿತೆರೆಗೆ ಬಂದ ಅತಿಮಾನುಷ ವೀರರನ್ನು, ಎಂದರೆ ಸೂಪರ್‌ಹೀರೋಗಳನ್ನು, ಅರಿಯದ ಮನೆಯು ಇಂದು ಅಪೂರ್ವವು. ಮಕ್ಕಳು ಅವರ ಹೆಸರುಗಳನ್ನು ಅಷ್ಟೋತ್ತರದಂತೆ ಒಪ್ಪಿಸುವರು. ಆದರೆ ಸಾವಿರಾರು ವೀರರು ಆ ಪುಟಗಳಲ್ಲಿ ಮಲಗಿರಲು, ಚಿತ್ರೋದ್ಯಮಿಗಳು ಪ್ರಸಿದ್ಧರಾದ ಕೆಲವರನ್ನೇ ಮತ್ತೆ ಮತ್ತೆ ಎಬ್ಬಿಸಿ, ಒಂದೊಂದು ಚಿತ್ರಕ್ಕೆ ೨೦ ಕೋಟಿ ಡಾಲರುಗಳವರೆಗೂ ಸುರಿಯುತ್ತಿರುವರು. ಇದು ಔದಾರ್ಯವಲ್ಲ, ಭಯ. ಹೆಸರಿಲ್ಲದ ವೀರನನ್ನು ಆರಿಸಿ, ಮಿತವ್ಯಯದಲ್ಲಿ, ಅವನ ಅಂತರಂಗವನ್ನೇ ಕಥೆಯಾಗಿಸುವ ಚಿತ್ರಗಳಿಂದಲೇ ಈ ಕಥಾಪ್ರಕಾರವು ಬದುಕಬಲ್ಲದು.

ಪೂರ್ವಪಕ್ಷದವರು ಕೇಳುವರು: "ಪ್ರಸಿದ್ಧಿಯಿಲ್ಲದವನನ್ನು ನೋಡಲು ಯಾರು ಬರುವರು?" ಬಂದಿರುವರು ಎಂಬುದೇ ಉತ್ತರ. ಬ್ಲೇಡ್ ಎಂಬವನು ೧೯೭೩ರಲ್ಲಿ ಡ್ರಾಕುಲಾನ ಕಥಾಮಾಲಿಕೆಯೊಂದರ ಹತ್ತನೆಯ ಸಂಚಿಕೆಯಲ್ಲಿ ಕಾಣಿಸಿಕೊಂಡ ಪಾರ್ಶ್ವಪಾತ್ರ. ೧೯೯೮ರಲ್ಲಿ ಅವನ ಚಿತ್ರವು ಸುಮಾರು ೪.೫ ಕೋಟಿ ಡಾಲರುಗಳಲ್ಲಿ ತಯಾರಾಗಿ ೧೩ ಕೋಟಿಯಷ್ಟು ಗಳಿಸಿತು. ಗರ್ಭಿಣಿಯಾದ ತಾಯಿಯನ್ನು ರಕ್ತಪಿಶಾಚಿಯು ಕಚ್ಚಿದುದರಿಂದ, ತಾನು ಯಾರನ್ನು ಬೇಟೆಯಾಡುವನೋ ಅವರ ದಾಹವನ್ನೇ ತನ್ನೊಳಗೂ ಹೊತ್ತವನು ಅವನು. ಆ ದಾಹವನ್ನು ಔಷಧದಿಂದ ಅಡಗಿಸಿಕೊಂಡೇ ಬದುಕಬೇಕು. ಈ ಒಳಜಗಳವಿಲ್ಲದಿದ್ದರೆ ಅವನ ಕತ್ತಿಯು ಬರಿಯ ಕಬ್ಬಿಣ.

"ಖರ್ಚಿಲ್ಲದೆ ಅದ್ಭುತವೆಲ್ಲಿ?" ಎಂಬುದು ಎರಡನೆಯ ಆಕ್ಷೇಪ. ೨೦೧೬ರ ಡೆಡ್‌ಪೂಲ್ ಚಿತ್ರವನ್ನು ನೋಡಬಹುದು. ಚಿತ್ರೀಕರಣದ ಹೊಸ್ತಿಲಲ್ಲಿ ಒಡೆಯರು ಹಣವನ್ನು ಕಡಿತಗೊಳಿಸಿದರು. ದೊಡ್ಡ ಗುಂಡಿನ ಕಾಳಗವೊಂದನ್ನು ಬಿಡಬೇಕಾಯಿತು. ಕಥೆಗಾರರು ಎದೆಗುಂದದೆ, ನಾಯಕನು ಬಂದೂಕುಗಳ ಚೀಲವನ್ನೇ ಟ್ಯಾಕ್ಸಿಯಲ್ಲಿ ಮರೆತನೆಂದು ಬರೆದರು. ಬಡತನವು ಹಾಸ್ಯವಾಯಿತು, ಮರೆವು ಸ್ವಭಾವವಾಯಿತು. ವಿಕಾರಗೊಂಡ ಮುಖವನ್ನು ಪ್ರೇಯಸಿಗೆ ತೋರಲಾರದೆ ಕೊರಗುವ ಈ ಹರಟೆಮಲ್ಲನ ಚಿತ್ರವು ೫.೮ ಕೋಟಿಗೆ ೭೮ ಕೋಟಿ ಡಾಲರುಗಳನ್ನು ತಂದಿತು.

ಇದರ ಕಾರಣವು ಗೂಢವಲ್ಲ. ೨೦ ಕೋಟಿ ಹಾಕಿದವನು ಸಕಲ ದೇಶಗಳ ಸಕಲ ವಯಸ್ಸಿನವರನ್ನೂ ಮೆಚ್ಚಿಸಬೇಕು. ಆದುದರಿಂದ ಅವನ ವೀರನು ಸಾಯುವಂತಿಲ್ಲ, ಸೋಲುವಂತಿಲ್ಲ, ಒಂದು ಗಳಿಗೆ ಸುಮ್ಮನೆ ಕುಳಿತು ಅಳುವಂತೆಯೂ ಇಲ್ಲ. ಅಲ್ಪಧನನಿಗೆ ಈ ಸಂಕೋಲೆಯಿಲ್ಲ. ಕೆಡವಲು ಪಟ್ಟಣಗಳಿಲ್ಲವಾಗಿ ಅವನು ಮನುಷ್ಯರನ್ನು ಮಾತನಾಡಿಸಲೇಬೇಕು.

"ಹಾಗಾದರೆ ೨೦೨೪ರ ಕ್ರೇವನ್ ದ ಹಂಟರ್ ಬಿದ್ದುದೇಕೆ?" ಎಂದು ಮೂರನೆಯವರು ನಗುವರು. ೧೧ ಕೋಟಿ ಡಾಲರು ವೆಚ್ಚವಾಗಿ ಸುಮಾರು ೬ ಕೋಟಿ ಮಾತ್ರ ಬಂದುದು ನಿಜವೇ. ಅದೇ ವರ್ಷದ ಮೇಡಮ್ ವೆಬ್ ಚಿತ್ರವನ್ನೂ ಜನರು ಮೆಚ್ಚಲಿಲ್ಲ. ಆದರೆ ಇವರು ಸ್ಪೈಡರ್‌ಮ್ಯಾನನ ಕಥೆಗಳ ಪರಿವಾರದವರು. ಯಜಮಾನನಿಲ್ಲದ ಮನೆಯ ಜಗಲಿಯಲ್ಲಿ ಅವರನ್ನು ಕುಳ್ಳಿರಿಸಿ, ಮುಂದಿನ ಚಿತ್ರದ ದಾರಿ ಕಾಯಿಸಿದರೇ ಹೊರತು ಅವರ ದುಃಖವೇನೆಂದು ಯಾರೂ ಕೇಳಲಿಲ್ಲ. ವೀರನು ಅಪ್ರಸಿದ್ಧನಾದ ಮಾತ್ರಕ್ಕೆ ಚಿತ್ರವು ಸಾರ್ಥಕವಾಗದು. ಮಿತವ್ಯಯದ ಚಿತ್ರಗಳೂ ಸೋಲುವುದುಂಟು. ೨೦೧೨ರ ಡ್ರೆಡ್ ಸೋತಿತು. ಆದರೆ ದೋಣಿ ಮುಳುಗುವುದಕ್ಕೂ ಹಡಗು ಮುಳುಗುವುದಕ್ಕೂ ಭೇದವಿಲ್ಲವೆ? ೨೦೨೩ರ ದ ಮಾರ್ವೆಲ್ಸ್ ೨೦ ಕೋಟಿಗೂ ಮೀರಿದ ಹಣದೊಡನೆ ಮುಳುಗಿತು.

ಭಾಸನ ಕರ್ಣಭಾರದಲ್ಲಿ ಯುದ್ಧವು ರಂಗದ ಮೇಲೆ ನಡೆಯುವುದೇ ಇಲ್ಲ. ಶಾಪವನ್ನು ನೆನೆಯುವ ಕರ್ಣನು ಬೇಡಿದವನಿಗೆ ಕವಚವನ್ನು ಕೊಟ್ಟು ರಥವನ್ನೇರುವನು; ಅಷ್ಟರಿಂದಲೇ ಸಹೃದಯನ ಕಣ್ಣು ತೇವವಾಗುವುದು. ಶಕ್ತಿಯು ಅಲಂಕಾರ, ಶೋಕವೇ ಪ್ರಾಣ ಎಂಬುದನ್ನು ಕಲಿಯಲು ಹಾಲಿವುಡ್ಡಿಗೆ ಹೋಗಬೇಕಾಗಿಲ್ಲ.

ನೆರೆಯ ಮಲೆಯಾಳಿಗಳು ಇದನ್ನು ಅರಿತಿರುವರು. ೨೦೨೧ರ ಮಿನ್ನಲ್ ಮುರಳಿ ಚಿತ್ರದಲ್ಲಿ ಸಿಡಿಲು ಬಡಿದು ಶಕ್ತಿವಂತನಾಗುವವನು ಹಳ್ಳಿಯ ದರ್ಜಿ. ಅದೇ ಸಿಡಿಲು ಊರಿನವರೆಲ್ಲ ಹೀಗಳೆದ ಶಿಬು ಎಂಬವನಿಗೂ ಬಡಿಯುವುದು. ಕೊನೆಗೆ ಪ್ರೇಕ್ಷಕನು ಮರುಗುವುದು ಖಳನಾದ ಅವನಿಗಾಗಿಯೇ. ೨೦೨೫ರ ಲೋಕಾ ಚಿತ್ರವು ಕೇರಳದ ಯಕ್ಷಿಯ ಐತಿಹ್ಯವನ್ನು ತೆಗೆದುಕೊಂಡು, ಸುಮಾರು ೩೦ ಕೋಟಿ ರೂಪಾಯಿಗಳಲ್ಲಿ ತಯಾರಾಗಿ, ೩೦೦ ಕೋಟಿ ರೂಪಾಯಿಗಳ ಆಸುಪಾಸಿನಲ್ಲಿ ಗಳಿಸಿತು. ಅದರ ಕಥೆ ನಡೆಯುವುದು ಬೆಂಗಳೂರಿನಲ್ಲಿ!

ಕನ್ನಡ ರಾಜಧಾನಿಯ ಬೀದಿಗಳಲ್ಲಿ ನೆರೆಯವರ ಯಕ್ಷಿಯು ನಡೆದಾಡಿ ಜಯಿಸಿದಳು. ಕನ್ನಡದ ಬೀರರೂ ಭೂತಗಳೂ ಮಾಸ್ತಿಯರೂ ಊರ ಹೊರಗಿನ ಕಲ್ಲುಗಳಲ್ಲಿ ಮೂಕರಾಗಿ ನಿಂತಿರುವರು. ಅವರಿಗೆ ಹಣದ ಕೊರತೆಯಿಲ್ಲ. ಅವರ ನೋವನ್ನು ಕೇಳುವ ಕಿವಿಯದೇ ಕೊರತೆ.