ನಾಲ್ಕು ಗಂಟೆಯ ದುಡಿಮೆಯೂ ಲೆಕ್ಕಕ್ಕೆ ಬರಲಿ

ಜಪಾನಿನ ತ್ಸುಕುಬಾ ನಗರದ ಮೇಯರ್ ಇಗರಾಶಿ ತತ್ಸುವೊ ಅವರಿಗೆ,

2016ರಲ್ಲಿ ಮೇಯರ್ ಆಗುವ ಮೊದಲೇ, ವಿಕಲಚೇತನರು ದುಡಿಯುವ ಗೋಕಿಗೆನ್ ಫಾರ್ಮ್ ಕಟ್ಟಿದವರಲ್ಲಿ ನೀವೂ ಒಬ್ಬರು. ಕಾಯಿಲೆಯಿಂದಲೋ, ಸಂಸಾರ ಮುರಿದೋ, ವರ್ಷಗಟ್ಟಲೆ ಮನೆಯಿಂದ ಹೊರಬರಲಾಗದೆಯೋ ಕೆಲಸದಿಂದ ದೂರ ಉಳಿದವರಿಗೆ ದುಡಿಮೆ ಎಂಥ ಆಸರೆ ಎಂಬುದನ್ನು ನಿಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಜಪಾನ್ ಸರ್ಕಾರ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಸಮಾಜದಿಂದ ಹಿಂದೆ ಸರಿದು ಬದುಕುತ್ತಿರುವವರೇ ಸುಮಾರು 14.6 ಲಕ್ಷ. ಇಂಥವರು ಅಡುಗೆ ಕೆಲಸ ಕಲಿತು ಮತ್ತೆ ಬದುಕು ಕಟ್ಟಿಕೊಳ್ಳಲು ಹೊರಟಾಗ ಎದುರಾಗುವ ಒಂದು ತೊಡಕಿನ ಬಗ್ಗೆ ಈ ಪತ್ರ.

ಅಡುಗೆಯವರ ಲೈಸೆನ್ಸ್ ಪಡೆಯಲು 1958ರ ಕಾನೂನಿನಲ್ಲಿ ಎರಡು ದಾರಿಗಳಿವೆ. ತರಬೇತಿ ಶಾಲೆಯಲ್ಲಿ ಕನಿಷ್ಠ ಒಂದು ವರ್ಷ ಓದಬೇಕು, ಇಲ್ಲವೇ ಹೋಟೆಲು, ಆಸ್ಪತ್ರೆ, ಶಾಲೆಗಳ ಅಡುಗೆಮನೆಯಲ್ಲಿ ಎರಡು ವರ್ಷ ದುಡಿದು ಪರೀಕ್ಷೆ ಬರೆಯಬೇಕು. ಶುಲ್ಕ ಕಟ್ಟಲಾಗದವರಿಗೆ ಉಳಿಯುವುದು ಎರಡನೆಯದೇ. ಆದರೆ ಅರೆಕಾಲಿಕ ದುಡಿಮೆ ಅನುಭವವೆಂದು ಎಣಿಕೆಯಾಗಲು ಸಾಮಾನ್ಯವಾಗಿ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಆರು ಗಂಟೆಯಾದರೂ ಇರಬೇಕು. ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ, ಮಗುವನ್ನು ಒಬ್ಬಳೇ ಸಾಕುವ ತಾಯಿಗೆ ನಾಲ್ಕು ಗಂಟೆ ನಿಭಾಯಿಸುವುದೇ ದೊಡ್ಡದು. ಅವರು ಎಷ್ಟು ವರ್ಷ ತರಕಾರಿ ಹೆಚ್ಚಿ ಸಾರು ಕುದಿಸಿದರೂ ಕಾಗದದ ಮೇಲೆ ಅದು ಸೊನ್ನೆ. ವಾರಕ್ಕೆ 24 ಗಂಟೆಯಂತೆ ಎರಡು ವರ್ಷಕ್ಕೆ ಸುಮಾರು 2,500 ಗಂಟೆಯಾಗುತ್ತದೆ. ನಾಲ್ಕು ದಿನ, ನಾಲ್ಕು ನಾಲ್ಕು ಗಂಟೆ ದುಡಿದವರು ಅಷ್ಟನ್ನೇ ಮೂರು ವರ್ಷದಲ್ಲಿ ಮುಗಿಸುತ್ತಾರೆ. ಅವರ ಕೈ ಕಡಿಮೆ ಪಳಗಿರುತ್ತದೆಯೇ? ಲೈಸೆನ್ಸ್ ಇಲ್ಲದೆಯೂ ಅಡುಗೆ ಕೆಲಸ ಮಾಡಬಹುದಲ್ಲ ಎನ್ನುವವರಿದ್ದಾರೆ. ಮಾಡಬಹುದು, ನಿಜ. ಆದರೆ ನಡುವೆ ಹತ್ತು ವರ್ಷ ಖಾಲಿ ಬಿದ್ದ ಅರ್ಜಿ ಹಿಡಿದು ನಿಂತವರ ಪರವಾಗಿ ಮಾತಾಡಲು ಬೇರೆ ಯಾವ ಕಾಗದವೂ ಇರುವುದಿಲ್ಲ.

ಪರೀಕ್ಷೆಯ ಹೊಣೆ ಇಬರಾಕಿ ಪ್ರಾಂತ್ಯದ ಆಡಳಿತದ್ದು, ನಗರದ್ದಲ್ಲ ಎಂದು ನೀವು ಹೇಳಬಹುದು. ಆದರೆ ಶಾಲಾ ಊಟ ತಯಾರಿಸುವ ಕೇಂದ್ರಗಳು ನಗರದವು. ಒಂದು ಹೊತ್ತಿಗೆ 20 ಅಥವಾ ದಿನಕ್ಕೆ 50 ಊಟ ನಿರಂತರವಾಗಿ ತಯಾರಾಗುವ ಕಡೆ ಮಾಡಿದ ಅಡುಗೆ ಕೆಲಸವನ್ನು ಲೈಸೆನ್ಸ್‌ಗೆ ಪರಿಗಣಿಸುತ್ತಾರೆ. ಈ ಕೇಂದ್ರಗಳಲ್ಲಿ ನಡೆಯುವುದು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಅಡುಗೆ. ಮಕ್ಕಳ ಊಟವನ್ನು ಕಲಿಯುವವರ ಕೈಗೆ ಕೊಡುವುದೇ ಎಂಬ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. 1996ರಲ್ಲಿ ಸಕಾಯಿ ನಗರದ ಶಾಲಾ ಊಟದಿಂದ ಓ157 ಬ್ಯಾಕ್ಟೀರಿಯಾ ಸೋಂಕು ಹರಡಿ ಸಾವಿರಾರು ಜನ ಹಾಸಿಗೆ ಹಿಡಿದರು, ಮಕ್ಕಳು ಪ್ರಾಣ ಕಳೆದುಕೊಂಡರು. ಆ ದುರಂತದ ನಂತರ ನಿಯಮಗಳು ಬಿಗಿಯಾದವು. ಬೇಯುತ್ತಿರುವ ಪದಾರ್ಥದ ನಡುಭಾಗ 75 ಡಿಗ್ರಿಯಲ್ಲಿ ಒಂದು ನಿಮಿಷವಾದರೂ ಇರಬೇಕು. ಪ್ರತಿ ಪದಾರ್ಥದಲ್ಲೂ 50 ಗ್ರಾಂ ತೆಗೆದು ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಕಾದಿಡಬೇಕು. ಥರ್ಮಾಮೀಟರ್ ಚುಚ್ಚಿ, ಅಂಕಿ ಬರೆದು, ಸಹಿ ಹಾಕುವ ಈ ಕ್ರಮ ಊಹೆಗೆ ಎಡೆಗೊಡುವುದಿಲ್ಲ. ಆತ್ಮವಿಶ್ವಾಸ ಕಳೆದುಕೊಂಡವರಿಗೆ ಬೇಕಾದದ್ದೂ ಇಂಥ ಖಚಿತವಾದ ಕೆಲಸವೇ. ಇಂಥ ಕಲಿಕೆಗೆ ಭಾರತದಲ್ಲಿ ಒಂದು ಮಾದರಿಯೂ ಇದೆ: 2017ರಲ್ಲಿ ನಮ್ಮ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಶುರುವಾದ ಮಿಟ್ಟಿ ಕೆಫೆಯನ್ನು ವಿಕಲಚೇತನರೇ ನಡೆಸುತ್ತಾರೆ. 2023ರಲ್ಲಿ ಅದು ದಿಲ್ಲಿಯ ಸುಪ್ರೀಂ ಕೋರ್ಟ್ ಆವರಣಕ್ಕೂ ಬಂತು. ಈ ಕೆಫೆಯಲ್ಲಿ ಕಲಿಕೆ ನಡೆಯುವುದು ನಿಜವಾದ ಗಿರಾಕಿಗಳ ಎದುರಿಗೇ.

ಆದ್ದರಿಂದ ಮುಂದಿನ ಏಪ್ರಿಲ್‌ಗೆ, ಶಾಲಾ ವರ್ಷ ಆರಂಭವಾಗುವಾಗ, ಒಂದು ಕೇಂದ್ರದಲ್ಲಾದರೂ ಸಂಬಳ ಸಹಿತ ತರಬೇತಿಯ ಕೆಲವು ಜಾಗಗಳನ್ನು ತೆರೆಯಿರಿ. ಎರಡು ಗಂಟೆಯಿಂದ ಶುರುಮಾಡಿ, ಅವರವರ ಶಕ್ತಿಗೆ ತಕ್ಕಂತೆ ಆರು ಗಂಟೆಯವರೆಗೆ ಏರಲು ಬಿಡಿ. ಪ್ರತಿ ಗಂಟೆಯನ್ನೂ ಬರೆದಿಡಿಸಿ. ಆ ದಾಖಲೆಯನ್ನು ಮುಂದಿಟ್ಟು, ದಿನಗಳ ಬದಲು ಒಟ್ಟು ಗಂಟೆಗಳನ್ನು ಎಣಿಸುವಂತೆ ಇಬರಾಕಿ ಪ್ರಾಂತ್ಯವನ್ನೂ ಆರೋಗ್ಯ ಸಚಿವಾಲಯವನ್ನೂ ನೀವೇ ಕೇಳಿ.