ಹಸ್ತಾ ಮಳೆ ಮುಗಿಯುವ ತನಕ

ಈ ವರ್ಷ ನಮ್ಮ ತಾರಿಹಾಳದಲ್ಲಿ ಶಾಲೆಯ ಗಂಟೆ ಬಾರಿಸುವ ಮೊದಲೇ ಮಳೆ ಬಂತು. ಅರಬ್ಬೀ ಸಮುದ್ರದ ವಾಯುಭಾರ ಕುಸಿತವೊಂದು ಮೇ 24ರಂದು ಕೊಂಕಣದ ರತ್ನಾಗಿರಿಯ ಕಡೆ ದಡ ಹತ್ತಿತು. ಅದೇ ದಿನ ಕೇರಳಕ್ಕೆ ಮುಂಗಾರು ಕಾಲಿಟ್ಟಿತು. ಅದರ ವಾಡಿಕೆಯ ದಿನ ಜೂನ್ 1.

ಏಳನೆಯ ತರಗತಿಯ ನನ್ನ ಮೊಮ್ಮಗಳು ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಅದಕ್ಕೆ ಅಳತೆಪಟ್ಟಿ ಅಂಟಿಸಿ, ಮಾಳಿಗೆಯ ಮೇಲಿಟ್ಟಿದ್ದಾಳೆ. ದಿನಾ ಬೆಳಿಗ್ಗೆ ಎಂಟೂವರೆಗೆ ಎಷ್ಟು ಮಿಲಿಮೀಟರ್ ಬಿತ್ತೆಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಮೊನ್ನೆ ಆ ನೋಟ್‌ಬುಕ್ ತೆರೆದು ನೋಡಿದೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಳು: “2025 - ಒಳ್ಳೆಯ ಮಳೆಯ ವರ್ಷ.”

“ಇನ್ನೂ ರೋಹಿಣಿ ಮಳಿ ಮುಗದಿಲ್ಲ, ಆಗಲೇ ವರ್ಷದ ಹಣೆಬರಹ ಬರದಿಯಲ್ಲವ್ವಾ?” ಎಂದೆ.

“ಪೇಪರಿನ್ಯಾಗ ಬಂದೈತಿ ಅಜ್ಜಾ. 2009ರ ಮ್ಯಾಲೆ ಇಷ್ಟು ಲಗೂ ಮುಂಗಾರು ಬಂದದ್ದು ಈ ಸಲಾನ ಅಂತ. ಹವಾಮಾನ ಇಲಾಖೆಯವರೂ 106 ಪರ್ಸೆಂಟ್ ಮಳಿ ಆಗತೈತಿ ಅಂದಾರ.”

ಸುದ್ದಿ ಖರೆ. ಆದರೆ 2009 ಎಂಬ ಅಂಕಿ ಕಿವಿಗೆ ಬಿದ್ದ ಕೂಡಲೇ ನನಗೆ ಮುಂದೆ ಮಾತು ಹೊರಡಲಿಲ್ಲ. ಆ ವರ್ಷ ಮುಂಗಾರು ಬೇಗ ಬಂತೆಂದು ಪೇಪರಿನವರು ಬರೆದಿದ್ದಾರೆ. ಬಂದಮೇಲೆ ಏನಾಯಿತೆಂದು ಅವಳಿಗೆ ಯಾರು ಹೇಳಬೇಕು?

2009ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಮೇ 23ರಂದು. ಏಪ್ರಿಲ್‌ನಲ್ಲಿ ಇಲಾಖೆ ಹೇಳಿದ್ದು 96 ಪರ್ಸೆಂಟ್ ಮಳೆ. ಎಲ್ಲರೂ ಬಿತ್ತನೆಗೆ ತಯಾರಾದರು. ಅಷ್ಟರಲ್ಲಿ ಬಂಗಾಳ ಕೊಲ್ಲಿಯಲ್ಲಿ ಐಲಾ ಚಂಡಮಾರುತ ಎದ್ದು ಅತ್ತ ಹೋಯಿತು, ಮುಂಗಾರು ನಿಂತಲ್ಲೇ ನಿಂತಿತು. ಜೂನ್‌ನಲ್ಲಿ ದೇಶಕ್ಕೆ ಬಿದ್ದದ್ದು ವಾಡಿಕೆಯ ಅರ್ಧದಷ್ಟು. ಶಾಂತ ಮಹಾಸಾಗರದ ನೀರು ಬಿಸಿಯಾಗುವ ಎಲ್ ನಿನೋ ಕೂಡ ಆ ವರ್ಷ ಬಂದು ಕೂತಿತು. ನಾಲ್ಕು ತಿಂಗಳ ಲೆಕ್ಕ ಮುಗಿದಾಗ ಮಳೆ 78 ಪರ್ಸೆಂಟ್. 1972ರ ನಂತರ ಅಂಥ ಬರ ದೇಶ ಕಂಡಿರಲಿಲ್ಲ.

ನನ್ನ ಅಕ್ಕನ ಮನೆ ರೋಣ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ. ಮಣ್ಣಿನ ಮಾಳಿಗೆ ಮನೆ. ಪೇಟೆಯ ಮಕ್ಕಳಿಗೆ ಇದು ಗೊತ್ತಿರಲಿಕ್ಕಿಲ್ಲ: ತೊಲೆ-ಜಂತಿಗಳ ಮೇಲೆ ಕಟ್ಟಿಗೆ ಹಾಸಿ, ಮೇಲೆ ಮಣ್ಣು ತುಂಬಿ, ತುಳಿದು ಗಟ್ಟಿ ಮಾಡಿದ ಛಾವಣಿ ಅದು. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಆದರೆ ಮಳೆಗಾಲದ ಮುಂದೆ ಮೇಲೆ ಹೊಸ ಮಣ್ಣು ಹಾಕಿಸಿ ಬಿರುಕು ಮುಚ್ಚಬೇಕು. ಆ ಆಗಸ್ಟ್‌ನಲ್ಲಿ ಹೋಗಿದ್ದಾಗ ನಮ್ಮ ಮಾವ, ಅಂದರೆ ಅಕ್ಕನ ಗಂಡ, “ಈ ವರ್ಷ ಮಣ್ಣು ಹಾಕಿಸಿಲ್ಲ, ಈಗರ ಹಾಕಸಲೇನು?” ಎಂದು ಕೇಳಿದರು. ಹೊಲದಲ್ಲಿ ಹೆಸರು ಒಣಗಿ ನಿಂತಿತ್ತು. ಅಂಗೈ ಹಿಡಿಸುವಷ್ಟು ಎರೆಭೂಮಿ ಬಾಯಿಬಿಟ್ಟಿತ್ತು. ಓದಿದವನೆಂಬ ಗತ್ತಿನಲ್ಲಿ ನಾನು ಹೇಳಿದೆ: “ಮಳಿನ ಇಲ್ಲ ಮಾವ, ಯಾಕ ರೊಕ್ಕ ಹಾಳ ಮಾಡ್ತೀರಿ? ಬರೋ ವರ್ಷ ಹಾಕಿಸಿದರಾತು.”

ಹಸ್ತಾ ಮಳೆ ಹೂಡಿದ್ದು ಸೆಪ್ಟೆಂಬರ್ ಕೊನೆಗೆ. ಬಂಗಾಳ ಕೊಲ್ಲಿಯಿಂದ ಬಂದದ್ದು ಬರೀ ವಾಯುಭಾರ ಕುಸಿತ. ಚಂಡಮಾರುತ ಅಲ್ಲವಾದ್ದರಿಂದ ಅದಕ್ಕೊಂದು ಹೆಸರೂ ಇರಲಿಲ್ಲ. ಅದು ಉತ್ತರ ಕರ್ನಾಟಕದ ಮೇಲೆ ಬಂದು ಕೂತಿತು. ಹಗಲು ರಾತ್ರಿ ಒಂದೇ ಸಮನೆ ಸುರಿಯಿತು. ಗದಗ, ಬಾಗಲಕೋಟೆ, ವಿಜಾಪುರ, ರಾಯಚೂರು ಜಿಲ್ಲೆಗಳಲ್ಲಿ ನೆನೆದ ಗೋಡೆ ಮಾಳಿಗೆಗಳು ಸಾಲಾಗಿ ಕುಸಿದವು. ಅಕ್ಟೋಬರ್ 2ರಂದು ತುಂಗಭದ್ರೆ ಮಂತ್ರಾಲಯದ ಮಠದೊಳಗೆ ನುಗ್ಗಿತು, ಕರ್ನೂಲು ಪಟ್ಟಣ ಮುಳುಗಿತು. ನಮ್ಮ ರಾಜ್ಯದಲ್ಲೇ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಅಕ್ಕನ ಮನೆಯ ಹಿಂದಿನ ಖೋಲಿ ನಡುರಾತ್ರಿ ಬಿತ್ತು. ಪಡಸಾಲೆಯಲ್ಲಿ ಮಲಗಿದ್ದ ಎಲ್ಲರೂ ಉಳಿದರು, ಒಂದು ಎತ್ತು ಉಳಿಯಲಿಲ್ಲ. ನನ್ನ ಮಾತನ್ನು ಮಾವ ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಮೊಮ್ಮಗಳು ಸುಮ್ಮನೆ ಕೇಳುತ್ತಿದ್ದವಳು ಒಂದು ಪ್ರಶ್ನೆ ಹಾಕಿದಳು: “ಒಣಗಿದ ನೆಲ ನೀರು ಕುಡೀಬೇಕಲ್ಲಜ್ಜಾ? ಹೊಳಿ ಹೆಂಗ ಬಂತು?”

ಹಿತ್ತಿಲಿನಿಂದ ಒಣ ಎರೆಮಣ್ಣು ತಂದು ಗಾಜಿನ ಲೋಟಕ್ಕೆ ಹಾಕಿ ನೀರು ಸುರಿಸಿದೆವು. ಮೊದಲ ನೀರು ಗುಳುಗುಳು ಒಳಗಿಳಿಯಿತು. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿತು, ನೀರು ಮೇಲೆಯೇ ನಿಂತಿತು. ನೀವೂ ಮಾಡಿ ನೋಡಿ, ಕೆಂಪು ಮಣ್ಣಾದರೆ ಹೀಗಾಗದು. ನಮ್ಮ ಬೆಣ್ಣೆಹಳ್ಳದ ಗುಟ್ಟೂ ಇದೇ. ಶಿಗ್ಗಾವಿ ತಾಲೂಕಿನಲ್ಲಿ ಹುಟ್ಟಿ, ಹುಬ್ಬಳ್ಳಿ, ಕುಂದಗೋಳ, ನವಲಗುಂದದ ಎರೆಸೀಮೆ ದಾಟಿ ಮಲಪ್ರಭೆ ಸೇರುವ ಈ ಹಳ್ಳ ವರ್ಷದ ಬಹುಕಾಲ ಬಡಕಲಾಗಿರುತ್ತದೆ. ನೆಲ ತುಂಬಿದ ಮೇಲೆ ಜೋರು ಮಳೆ ಬಿದ್ದರೆ ಒಂದೇ ರಾತ್ರಿಗೆ ಸೇತುವೆ ಮೇಲೆ ಹರಿಯುತ್ತದೆ.

ಇನ್ನೊಂದು ತಮಾಷೆ ಕೇಳಿ. ಮುಂಗಾರಿನ ಸರ್ಕಾರಿ ಲೆಕ್ಕ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅಕ್ಟೋಬರ್ 1 ಮತ್ತು 2ರ ಮಳೆ ಆ 78ರೊಳಗೆ ಸೇರಿಯೇ ಇಲ್ಲ. ಅಕ್ಕನ ಮನೆ ಬಿದ್ದದ್ದು ವರ್ಷದ ಪುಸ್ತಕ ಮುಚ್ಚಿಟ್ಟ ಮೇಲೆ!

ದೂರದ ಅಮೆರಿಕದಲ್ಲೂ ಇಂಥದ್ದಾಗಿದೆ. ಅಟ್ಲಾಂಟಿಕ್ ಸಮುದ್ರದ ಬಿರುಗಾಳಿಗಳಿಗೆ ವರ್ಷವರ್ಷವೂ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಡುತ್ತಾರೆ. 1992ರಲ್ಲಿ ಜೂನ್ ಹೋಯಿತು, ಜುಲೈ ಹೋಯಿತು, ‘ಎ’ ಅಕ್ಷರದ ಸರದಿಯೇ ಬರಲಿಲ್ಲ. ಆಗಸ್ಟ್ ನಡುವೆ ಬಂದ ಮೊದಲನೆಯದೇ ಆಂಡ್ರ್ಯೂ. ಆಗಸ್ಟ್ 24ರಂದು ಅದು ದಕ್ಷಿಣ ಫ್ಲೋರಿಡಾದ ಹೋಮ್‌ಸ್ಟೆಡ್ ಎಂಬ ಊರನ್ನು ನೆಲಸಮ ಮಾಡಿತು. ಆ ಇಡೀ ವರ್ಷ ಹೆಸರು ಪಡೆದ ಬಿರುಗಾಳಿಗಳು ಆರೇ. 2010ರಲ್ಲಿ ಹತ್ತೊಂಬತ್ತು ಎದ್ದವು. ಮೆಕ್ಸಿಕೋದಂಥ ನೆರೆಯ ನಾಡುಗಳಿಗೆ ಪೆಟ್ಟು ಬಿತ್ತು, ಅಮೆರಿಕ ಸಂಯುಕ್ತ ಸಂಸ್ಥಾನದ ದಡಕ್ಕೆ ಮಾತ್ರ ಒಂದು ಹರಿಕೇನೂ ಬಡಿಯಲಿಲ್ಲ.

“ಅಂದ್ರ ಎಷ್ಟು ಬಂದವು ಅನ್ನೂದಲ್ಲ, ಎಲ್ಲಿಗೆ ಬಂತು ಅನ್ನೂದು ನೋಡಬೇಕು” ಎಂದಳು.

ಅಕ್ಕ ಈಗ ‘ಆಸರೆ’ ಮನೆಯಲ್ಲಿದ್ದಾಳೆ, ಕಾಂಕ್ರೀಟ್ ಛಾವಣಿ. ನಮ್ಮ ಹಿತ್ತಿಲ ದನದ ಮನೆಗೆ ಮಾತ್ರ ಇನ್ನೂ ಮಣ್ಣಿನ ಮಾಳಿಗೆ. ಹೋದ ಭಾನುವಾರ ಒಂದು ಟ್ರ್ಯಾಕ್ಟರ್ ಮಣ್ಣು ಹಾಕಿಸಿ, ಅಜ್ಜ ಮೊಮ್ಮಗಳು ಕೂಡಿ ತುಳಿದೆವು. ಕೆಳಗಿಳಿದು ಕೈಕಾಲು ತೊಳೆದ ಮೇಲೆ ಅವಳು ನೋಟ್‌ಬುಕ್ಕಿನ ಮೊದಲ ಪುಟ ತೆಗೆದು “ಒಳ್ಳೆಯ” ಎಂಬುದನ್ನು ರಬ್ಬರಿನಿಂದ ಅಳಿಸಿದಳು.

“ಇಲ್ಲಿ ಏನರ ಬರೀಬೇಕಲ್ಲಜ್ಜಾ. ಯಾವಾಗ ಬರೀಲಿ?”

“ಹಸ್ತಾ ಮಳಿ ಮುಗೀಲಿ ಯವ್ವಾ.”

ಗೋಡೆಯ ಕ್ಯಾಲೆಂಡರ್ ತಿರುವಿ ಅಕ್ಟೋಬರ್ 10 ಎಂದು ಹುಡುಕಿದಳು. “ಅಯ್ಯ, ಅಷ್ಟೊತ್ತಿಗೆ ದಸರಾ ಸೂಟಿನೂ ಮುಗದಿರತೈತಿ” ಎಂದು ಮುಖ ಸಣ್ಣ ಮಾಡಿಕೊಂಡು, ಬಾಟಲಿ ನೋಡಲು ಮಾಳಿಗೆ ಹತ್ತಿದಳು.