ಮಾದರಿ ವಿಮಾನದ ಮಡಚುವ ಚಕ್ರಗಳು

ಹಾರಿದ ವಿಮಾನವು ಇಳಿದೇ ತೀರಬೇಕು. ಇಳಿಯುವ ಹೊತ್ತಿನಲ್ಲಿ ಚಕ್ರಗಳು ಹೊರಬಾರದಿದ್ದರೆ, ತಿಂಗಳುಗಟ್ಟಲೆ ಶ್ರಮಪಟ್ಟು ಕಟ್ಟಿದ ಮಾದರಿಯು ಕ್ಷಣಮಾತ್ರದಲ್ಲಿ ನೆಲಕ್ಕುಜ್ಜಿ ಮುರಿಯುವುದು. ಆದಕಾರಣ ರೇಡಿಯೋದಿಂದ ನಡೆಯುವ ಮಾದರಿ ವಿಮಾನಗಳನ್ನು ಕಟ್ಟುವ ಮಕ್ಕಳುಳ್ಳ ಗೃಹಸ್ಥರಿಗಾಗಿ ಈ ತಿಂಗಳು ಚಕ್ರಗಳ ವಿಚಾರವನ್ನು ಬರೆಯುತ್ತೇವೆ.

ಎಲ್ಲ ಮಾದರಿಗೂ ಮಡಚುವ ಚಕ್ರ ಬೇಕೆಂಬುದಿಲ್ಲ. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ತಯಾರಾಗಿ 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ವಿಮಾನದ ಚಕ್ರಗಳು ಸ್ಥಿರವಾದವು. 1964ರಲ್ಲಿ ಹಾರಿದ ಕಿರಣ್‌ನವು ಒಳಕ್ಕೆ ಮಡಚುವಂಥವು. ಹೊಸಬರು ಎಚ್‌ಟಿ-2ರ ಮಾದರಿಯಿಂದಲೇ ಆರಂಭಿಸುವುದು ಲೇಸು.

ಗಾಳಿಯಿಂದ ಮಡಚುವ ಚಕ್ರಗಳ ಕ್ರಮ ಹೀಗಿದೆ. ಸಣ್ಣ ತೊಟ್ಟಿಯೊಂದರಲ್ಲಿ ಪಂಪಿನಿಂದ ಗಾಳಿಯನ್ನು ಒತ್ತಿ ತುಂಬಿಸಿ, ಕವಾಟದ ಮೂಲಕ ಸಿಲಿಂಡರಿಗೆ ಬಿಡುತ್ತಾರೆ. ಒಂದು ಕೊಳವೆಯ ಗಾಳಿ ಚಕ್ರವನ್ನು ಎತ್ತುವುದು, ಇನ್ನೊಂದರದು ಇಳಿಸುವುದು. ನಮ್ಮ ಸತ್ತೇಗಾಲದ ನೆರೆಯ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ವಿದ್ಯುದಾಗಾರದಲ್ಲಿ ಕೊಳವೆಯ ನೀರಿಗೆ ಹೇಗೋ, ಇಲ್ಲಿ ಗಾಳಿಗೂ ಹಾಗೆ: ಸೋರಿದಷ್ಟೂ ಬಲಹಾನಿ.

ಆದುದರಿಂದ ಮೊದಲನೆಯದು ಸೋರಿಕೆಯ ಪರೀಕ್ಷೆ. ತಯಾರಕರು ಹೇಳಿದ ಒತ್ತಡಕ್ಕೆ ತುಂಬಿಸಿ, ಅರ್ಧ ಗಂಟೆ ಬಿಟ್ಟು ಮಾಪಕವನ್ನು ನೋಡಬೇಕು. ಮುಳ್ಳು ಇಳಿದಿದ್ದರೆ ಕೂಡುಗಳಿಗೆ ಸಾಬೂನಿನ ನೀರು ಹಚ್ಚಿರಿ. ಗುಳ್ಳೆ ಎದ್ದೆಡೆಯೇ ದೋಷ. ಕೊಳವೆಯ ತುದಿಯನ್ನು ಹರಿತವಾದ ಅಲಗಿನಿಂದ ನೇರವಾಗಿ ಕತ್ತರಿಸಿ ಕೂಡಿಸಬೇಕು. ಒಳಗಿನ ರಬ್ಬರು ಬಳೆಗಳಿಗೆ ಸಿಲಿಕೋನ್ ಎಣ್ಣೆಯೇ ಯೋಗ್ಯ. ಅಡಿಗೆಯ ಎಣ್ಣೆ ಸಲ್ಲದು.

ಎರಡನೆಯದು ವೇಗ. ಕವಾಟದ ತಿರುಪನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ಚಕ್ರಗಳು ನಿಧಾನವಾಗಿ ಚಲಿಸುವಂತೆ ಮಾಡಿರಿ. ಥಟ್ಟನೆ ಬಡಿದರೆ ಕೀಲು ಸಡಿಲುವುದು. ಒಂದು ಚಕ್ರ ಹಿಂದುಳಿದರೆ, ಗಾಳಿಯನ್ನು ಹೆಚ್ಚಿಸುವ ಮುನ್ನ ಕಾಲು ಎಲ್ಲಿ ತಗಲುತ್ತಿದೆಯೆಂದು ಹುಡುಕುವುದೇ ನ್ಯಾಯ. ಕವಾಟವನ್ನು ನೂಕುವ ಸರ್ವೋ ತನ್ನ ಕೊನೆಯವರೆಗೂ ಸರಿಯುತ್ತಿರಬೇಕು; ನಡುವೆ ನಿಂತರೆ ಗಾಳಿ ವ್ಯರ್ಥವಾಗುವುದು. ಇಳಿದ ಕಾಲನ್ನು ಬೆರಳಿನಿಂದ ಹಿಂದಕ್ಕೊತ್ತಿದರೂ ಅದು ಮಡಚಿಕೊಳ್ಳಬಾರದು.

ಮೂರನೆಯದೇ ಮುಖ್ಯ, ಅನೇಕರು ಬಿಡುವುದೂ ಅದನ್ನೇ. ವಿಮಾನವನ್ನು ಆಧಾರದ ಮೇಲೆ ಎತ್ತಿಟ್ಟು, ಒಮ್ಮೆ ತುಂಬಿದ ಗಾಳಿಯಲ್ಲಿ ಚಕ್ರಗಳು ಎಷ್ಟು ಸಲ ಎದ್ದಿಳಿದು ಭದ್ರವಾಗಿ ನಿಲ್ಲುವುವೆಂದು ಎಣಿಸಿರಿ. ಎಂಟು ಸಲವಾದರೆ ಆಕಾಶದಲ್ಲಿ ಎರಡು ಮೂರು ಸಲಕ್ಕೆ ಮೀರಬಾರದು. ಎಷ್ಟು ಒತ್ತಡಕ್ಕೆ ಕಾಲು ನಿಲ್ಲದಾಯಿತೋ ಆ ಅಂಕಿಯನ್ನು ಬರೆದಿಡಿರಿ. ಗಾಳಿಯಿಂದ ಎತ್ತಿ ಸ್ಪ್ರಿಂಗಿನಿಂದ ಇಳಿಸುವ ಬಗೆಯೂ ಉಂಟು. ಅದರಲ್ಲಿ ಗಾಳಿ ತೀರಿದರೂ ಚಕ್ರ ಹೊರಬರುವುದರಿಂದ ಕಲಿಯುವವರಿಗೆ ಅದನ್ನೇ ಸೂಚಿಸುತ್ತೇವೆ.

ಹಾರಿಸುವ ಸ್ಥಳವು ಜನ, ದನ, ವಿದ್ಯುತ್ತಿನ ತಂತಿ, ಹೊಳೆಗಳಿಂದ ದೂರವಿರಲಿ. ಕಟಾವಾದ ಹೊಲದ ಧೂಳು ಕವಾಟಕ್ಕೆ ಶತ್ರು. ಮನೆಗೆ ಬಂದೊಡನೆ ಒರೆಸಿಡಬೇಕು. ಪಂಪು, ಎಂಜಿನುಗಳ ಬಳಿ ಚಿಕ್ಕ ಮಕ್ಕಳನ್ನು ಬಿಡಕೂಡದು.

ಹುಡುಗರಿಗೆ ಹಾರಿಸುವ ಆತುರವಿರುವುದು ಸಹಜ. ಅದನ್ನು ಹಿರಿಯರು ಗದರಿಸಿ ತಡೆಯುವುದಕ್ಕಿಂತ, ಜತೆಗೆ ಕುಳಿತು ಈ ಎಣಿಕೆಯನ್ನು ಮಾಡಿಸುವುದು ಉತ್ತಮ. ನೆಲದ ಮೇಲೆ ಕಳೆದ ಅರ್ಧ ಗಂಟೆಯೇ ಆಕಾಶದಿಂದ ವಿಮಾನವನ್ನು ಇಡಿಯಾಗಿ ಇಳಿಸುವುದು.